ಒಂದೇ ವಿಳಾಸದ ಮನೆಗಳಿಗೆ ಒಂದು ಮೇಲ್ ಸರ್ವರ್

ನಿನ್ನೆ ಒಣದ್ರಾಕ್ಷಿ ಹರಾಜಿನ ದಿನ, ನಮ್ಮ ಕಡೆಯ ಮಾತಲ್ಲಿ ಲಿಲಾವಿನ ದಿನ, ನಮ್ಮ ಮೇಲ್ ಸರ್ವರ್ ಒಂದು ಕ್ಷಣವೂ ನಿಲ್ಲಲಿಲ್ಲ. ಅದನ್ನು ಆರಿಸಿ ಕೂಡ್ರಿಸಿದವಳು ನನ್ನ ಮೊಮ್ಮಗಳು ಗಂಗಾ. ಸಿಕ್ಕವರಿಗೆಲ್ಲ ಹೇಳಿದೆ, ಸಾಲದೆ ಈಗ ಬರೆಯುತ್ತಲೂ ಇದ್ದೇನೆ.

ನಾನು ನಾಲ್ಕನೆಯ ಇಯತ್ತೆ ಕಲಿತವಳು. ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಯಜಮಾನರು ಕೇಬಲ್ ಟಿವಿ ಶುರು ಮಾಡಿದಾಗಿನಿಂದ ದೂರಿನ ಫೋನು ಎತ್ತುವುದು ನನ್ನ ಕೆಲಸ. ಅವರು ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದರು. ಧಾರಾವಾಹಿಯ ಹೊತ್ತಿಗೆ ಚಿತ್ರ ಹೋದರೆ ಓಣಿಯ ಹೆಂಗಸರು ನನಗೆ ಬೈದು, ಮರುದಿನ ಸಂತೆಯಲ್ಲಿ ಸಿಕ್ಕು ನಗುತ್ತಿದ್ದರು. ಆ ಬೈಗುಳ ನೆನೆದರೆ ಈಗಲೂ ಹಿತವೆನಿಸುತ್ತದೆ. ಮುಂದೆ ಮಗ ಬಸವರಾಜ ತಿಕೋಟಾ, ಬಬಲೇಶ್ವರದವರೆಗೆ ಇಂಟರ್ನೆಟ್ ಒಯ್ದ, ವ್ಯಾಪಾರಿಗಳಿಗೆ ನಮ್ಮದೇ ಕಂಪನಿಯ ಮೇಲ್ ವಿಳಾಸ ಕೊಟ್ಟ.

ಹೋದ ವರ್ಷದ ಲಿಲಾವಿನಲ್ಲಿ ಹಳೆಯ ಸರ್ವರ್ ಕೈಕೊಟ್ಟಿತು. ಸರ್ವರ್ ಅಂದರೆ ಎಲ್ಲರ ಟಪಾಲು ಹಿಡಿದಿಟ್ಟು, ಕೇಳಿದವರಿಗೆ ಕೊಡುವ ಕಂಪ್ಯೂಟರ್. ಮಾಲಿನ ಫೋಟೋ, ದರ ಯಾವುದೂ ಹೊತ್ತಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಹೀಗಾದರೆ ಲೈನೇ ತೆಗೆಸುತ್ತೇವೆಂದು ತಿಕೋಟಾದ ವ್ಯಾಪಾರಿಗಳು ಹೇಳಿಬಿಟ್ಟರು. ಅವರು ಹೋದರೆ ನಮ್ಮ ಕಂಪನಿಗೆ ಬೀಗವೇ.

ಬಸವರಾಜ ಒಂದೇ ದೊಡ್ಡ ಮಷೀನು ತರಲು ಹೊರಟ. ಮಾರುವವರು ನಮ್ಮ ಮೇಲ್‌ಬಾಕ್ಸ್‌ಗಳನ್ನು ಎಣಿಸಿ, ಅದು ಧಾರಾಳವಾಯಿತು ಎಂದಿದ್ದರು. ಆದರೆ ಅದೇ ಲೆಕ್ಕದಲ್ಲಿ ಹಳೆಯದೂ ಸಾಕಾಗಬೇಕಿತ್ತಲ್ಲ, ಬಿದ್ದದ್ದೇಕೆ ಎಂದು ಗಂಗಾಳಿಗೆ ಅನುಮಾನ. ಬಳಸುವವರನ್ನೇ ನೋಡಿ ಬರೋಣವೆಂದು ನನ್ನನ್ನು ಕರೆದುಕೊಂಡು ಬಬಲೇಶ್ವರದ ವ್ಯಾಪಾರಿ ಶಿವಪ್ಪನವರ ಮನೆಗೆ ಹೊರಟಳು.

ದೊಡ್ಡ ಕೂಡುಕುಟುಂಬ. ಅಣ್ಣ ಕೋಲ್ಡ್ ಸ್ಟೋರೇಜಿನಲ್ಲಿ, ತಮ್ಮ ಲಿಲಾವಿನಲ್ಲಿ, ಸೊಸೆ ಮನೆಯ ಕಂಪ್ಯೂಟರಿನ ಮುಂದೆ; ಕೊನೆಗೆ ಲಾರಿ ಡ್ರೈವರನ ಫೋನಿನಲ್ಲೂ ಅದೇ ವಿಳಾಸ, ಅದೇ ಪಾಸ್‌ವರ್ಡ್. ಒಬ್ಬೊಬ್ಬರಿಗೂ ಬೇರೆ ವಿಳಾಸ ಕೊಡುತ್ತೇನೆಂದಳು ಗಂಗಾ. ಶಿವಪ್ಪನವರು ಒಪ್ಪಲಿಲ್ಲ.

"ವಿಳಾಸ ಬ್ಯಾರೆ ಬ್ಯಾರೆ ಮಾಡಿದ್ರ, ಇವ್ರ ಮನಿ ಒಡದೈತಿ ಅಂತಾರ ಮಂದಿ. ಒಂದ ಇರಲಿ, ತಂಗಿ."

ಮರಳುವ ಬಸ್ಸಿನಲ್ಲಿ ಗಂಗಾ ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ಹೇಳಿದಳು: "ಆಯಿ, ನಾ ಬಾಕ್ಸ್ ಎಣಿಸಾಕತ್ತಿದ್ದೆ. ಒಂದ ಬಾಕ್ಸ್ ನಾಕು ಮಂದಿ ಒಮ್ಮೆಲೇ ತೆಗೀತಾರ. ಎಣಿಸಬೇಕಾಗಿದ್ದು ಫೋನ್."

ಅವಳು ಆರಿಸಿದ ಸರ್ವರ್ ಟಪಾಲನ್ನು ಒಂದು ಕಡೆ ಇಟ್ಟು, ತೆರೆದು ತೋರಿಸುವ ಕೆಲಸವನ್ನು ಹಲವು ಸಣ್ಣ ಮಷೀನುಗಳಿಗೆ ಹಂಚುತ್ತದೆ. ಮಂದಿ ಹೆಚ್ಚಿದರೆ ಮತ್ತೊಂದು ಮಷೀನು ಕೂಡಿಸಿದರಾಯಿತು. ಇದಕ್ಕೇ ಸ್ಕೇಲೆಬಲ್ ಅನ್ನುತ್ತಾರಂತೆ. ದೊಡ್ಡದು ಬಿಟ್ಟು ಇವೆಲ್ಲ ಯಾಕೆಂದು ಅವಳಪ್ಪ ಬಸವರಾಜ ತಕರಾರು ತೆಗೆದ.

"ದೊಡ್ಡದೊಂದು ಬಿದ್ರ ಎಲ್ಲಾ ಬೀಳ್ತೈತಿ, ಅಪ್ಪಾ. ಇದ್ರಾಗ ಒಂದು ಬಿದ್ರ ಉಳಿದವು ಹೊರತಾವ," ಎಂದಳು.

ನಿನ್ನೆ ಮಧ್ಯಾಹ್ನ ಹಾಗೆಯೇ ಒಂದು ಮಷೀನು ಕೆಟ್ಟಿತು. ಉಳಿದವು ಹೊತ್ತವು. ಅಷ್ಟರಲ್ಲಿ ತಿಕೋಟಾದ ವ್ಯಾಪಾರಿಯೊಬ್ಬರ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ.

"ಏನಿಲ್ಲ ಆಯಿ, ನಿಮ್ಮ ಫೋನ್ ಚಾಲೂ ಐತೋ ಇಲ್ಲೋ ನೋಡಿದೆ. ಇವತ್ತ ಬೈಯಾಕ ಏನೂ ಸಿಗವಲ್ದು."

ಯಂತ್ರ ಆರಿಸುವ ಮೊದಲು ಅದನ್ನು ಬಳಸುವವರ ಮನೆಯಲ್ಲಿ ಒಂದು ಹೊತ್ತು ಕೂತು ಬರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು.

ಸಂಜೆ ನನ್ನ ಸೊಸೆ ಹೋಳಿಗೆ ಮಾಡಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಬಸವರಾಜ ತಾನೇ ಎದ್ದು ಮಗಳ ಹೋಳಿಗೆಗೆ ತುಪ್ಪ ಹಾಕಿದ. ಮುಂದಿನ ವರ್ಷ ಮತ್ತೊಂದು ಮಷೀನು ಬೇಕಾದೀತೇ ಎಂದು ಕೇಳಿದ.

"ಮೊದಲ ಉಣ್ಣ ಬಾ, ಅಪ್ಪಾ," ಎಂದು ಗಂಗಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು.