ಮೊದಲು ಬಂದವರ ಎಡೆ

ಹಿರಿಯರ ಹಬ್ಬದಲ್ಲಿ ನಮ್ಮ ಮನೆಯ ಮೊದಲ ಎಡೆ ‘ಮೊದಲು ಬಂದಾತ’ನಿಗೆ. ಹೆಸರು ಯಾರಿಗೂ ಗೊತ್ತಿರಲಿಲ್ಲ. ರಾಯದುರ್ಗದ ಕಡೆಯಿಂದ ಗಡಿ ದಾಟಿ ಬಂದ, ಮೊಳಕಾಲ್ಮೂರಿನ ಆಚೆ ಜಾಲಿ ಕಡಿದು ಹೊಲ ಮಾಡಿದ, ಬಾವಿ ತೋಡಿದ. ಕಥೆ ಅಷ್ಟೇ. ಆತನಿಗೆ ಹೋಳಿಗೆಯ ಜೊತೆ ಹೊಸ ಪಂಚೆ, ಟವೆಲ್ಲು, ಒಂದು ಕಟ್ಟು ಬೀಡಿ ಇಡುತ್ತಿದ್ದೆವು. ಪೂಜೆ ಮುಗಿದ ಮೇಲೆ ಮನೆಗೆ ಹಿರಿಯರಾದವರು ಆ ಪಂಚೆ ಉಟ್ಟು ಬಂದು ಎಡೆಯ ಮೊದಲ ತುತ್ತು ತಿನ್ನಬೇಕು. ಆಮೇಲೆ ಉಳಿದವರ ಊಟ. ಅಪ್ಪ ಇರುವತನಕ ಅಪ್ಪ ಉಡುತ್ತಿದ್ದರು, ಅವರು ಹೋದ ಮೇಲೆ ಚಿಕ್ಕಪ್ಪ.

ಅಪ್ಪ ಹೋದ ಮೇಲೆ ಇನ್ನೊಂದೂ ಬದಲಾಯಿತು. ಬೆಳಗಿನಿಂದ ಅಡುಗೆಯೆಲ್ಲ ಮಾಡಿಟ್ಟ ಅವ್ವ, ಎಡೆ ಇಡುವ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂರತೊಡಗಿದಳು. ಯಾರೂ ಹೋಗು ಅಂದಿರಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನನಗೆ ಅದು ಪ್ರತಿ ವರ್ಷವೂ ಸರಿಕಾಣುತ್ತಿರಲಿಲ್ಲ. ಕೇಳಿದರೆ, “ಗಂಡ ಇಲ್ಲದೋಳು ಹಿರಿಯರ ಮುಂದೆ ಯಾಕೆ, ಬಿಡು” ಎಂದು ಪಾತ್ರೆ ತಿಕ್ಕುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹೆಳವರು ಬಂದರು. ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವವರು. ಜಗಲಿಯ ಮೇಲೆ ಕೂತು, ಮೂವರು ಅಣ್ಣತಮ್ಮಂದಿರಿಂದ ಶುರುಮಾಡಿ ನನ್ನ ತಮ್ಮನ ಮಗನವರೆಗೆ ಓದಿದರು.

“ಆ ಮೂವರ ಅಪ್ಪನೇನಾ ಇಲ್ಲಿಗೆ ಮೊದಲು ಬಂದೋರು?” ಎಂದು ಕೇಳಿದೆ.

“ಇಲ್ಲ ಮಗಳೇ. ಆತ ರಾಯದುರ್ಗದ ಕಡೇನೇ ತೀರ್ಕೊಂಡ ಅಂತ ಐತೆ. ಹುಡುಗ್ರು ಆಗಿನ್ನೂ ಸಣ್ಣವು.”

“ಹಂಗಾದ್ರೆ ಅವರನ್ನ ಕರ್ಕೊಂಡು ಬಂದೋರು ಯಾರು?”

“ಅದು ಇದ್ರಾಗಿಲ್ಲ. ನಾವು ಗಂಡಸ್ರ ಹೆಸರಷ್ಟೇ ಬರ್ಕೊಳ್ಳೋದು” ಎಂದು ಅವರು ಪುಸ್ತಕ ಕಟ್ಟಿದರು.

ಉತ್ತರ ಕಣ್ಣ ಮುಂದೆಯೇ ಇತ್ತು. ಚಳ್ಳಕೆರೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ ನಾನು, ನನಗೆ ಹೊಳೆಯಲಿಲ್ಲ ನೋಡಿ. ಯಾವನೋ ಸೋದರಮಾವನೋ ದೊಡ್ಡಪ್ಪನೋ ಇದ್ದಿರಬೇಕು ಎಂದುಕೊಂಡು ಅವನನ್ನು ಹುಡುಕಲು ಹೊರಟೆ. ಬೇಸಿಗೆ ರಜೆಯಲ್ಲಿ ವಾರಕ್ಕೆರಡು ಸಲ ಮೊಳಕಾಲ್ಮೂರಿನ ಬಸ್ಸು ಹತ್ತುವುದು, ಸರ್ಕಾರಿ ಕಚೇರಿಯ ಹಳೆ ಕಡತಗಳ ಕೋಣೆಯಲ್ಲಿ ಕೂರುವುದು, ಸೀನುವುದು.

ಕೋಣೆ ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಸಾಹೇಬರು. ಅವರ ಮನೆಮಾತು ಉರ್ದು, ಆದರೆ ಹಳೆಯ ಕನ್ನಡ ಕೈಬರಹವನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದರು. ನಾನು ಗಂಡಸರ ಹೆಸರುಗಳ ಪಟ್ಟಿ ಹಿಡಿದು ಹೋದರೆ ಅದನ್ನು ಪಕ್ಕಕ್ಕಿಟ್ಟರು. “ಹೆಸರು ಹುಡುಕಬ್ಯಾಡಮ್ಮ, ಬಾವಿ ಹುಡುಕು. ಒಂದೇ ಹೆಸರಿನೋರು ಊರಿಗೆ ಹತ್ತು ಜನ ಇರ್ತಾರೆ. ಬಾವಿ ಎಲ್ಲಿಗೆ ಹೋಗ್ತೈತೆ?”

ಹಾಗೆ ಬಾವಿಯ ಹೊಲದ ನಂಬರು ಹಿಡಿದು ಒಂದೊಂದೇ ಪುಸ್ತಕ ಹಿಂದಕ್ಕೆ ಹೋದೆವು. ಅಜ್ಜನ ಹೆಸರು ಸಿಕ್ಕಿತು, ಮುತ್ತಜ್ಜನದೂ ಸಿಕ್ಕಿತು. ನಾಲ್ಕನೇ ಸಲ ಹೋದಾಗ ಎಲ್ಲಕ್ಕಿಂತ ಹಳೆಯ ಪುಸ್ತಕ ಬಿಚ್ಚಿದರು. ನಮ್ಮ ಹೊಲದ ನಂಬರಿನ ಮುಂದೆ ಒಂದು ಹೆಂಗಸಿನ ಹೆಸರಿತ್ತು. ಗಂಡ ಕಾಲವಾಗಿದ್ದಾನೆ, ಮೂವರು ಚಿಕ್ಕ ಗಂಡುಮಕ್ಕಳು, ಗಡಿಯಾಚೆಯಿಂದ ಬಂದಾಕೆ, ಬಾವಿ ತೋಡಿಸಿದ್ದೂ ಈಕೆಯೇ.

ಸಾಹೇಬರು ಬೆರಳಿಟ್ಟು ಎರಡು ಸಲ ಓದಿದರು. “ನೀನು ಹುಡುಕ್ತಿರೋದು ಗಂಡಸನ್ನಲ್ಲಮ್ಮ.”

ನನಗೆ ಮೊದಲು ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹೆಸರನ್ನು ಬಾಯಲ್ಲೇ ಹೇಳಿಕೊಂಡು ಬಂದೆ.

ನಾನು ತಂದ ಆ ಪುಟದ ನಕಲು ಓದಿ ಚಿಕ್ಕಪ್ಪ ಕೆಂಡವಾದರು. ಸಿಟ್ಟು ಬಂದರೆ ಅವರು ತೆಲುಗಿಗೆ ಹೊರಳುತ್ತಾರೆ. ಅವತ್ತು ಅರ್ಧ ಗಂಟೆ ತೆಲುಗು ನಡೆಯಿತು. ಬರೆದವನಿಗೆ ಕಣ್ಣು ಕಾಣುತ್ತಿರಲಿಲ್ಲ, ಒಂಟಿ ಹೆಂಗಸು ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದು ಬಾವಿ ತೋಡಿಸುವುದೆಂದರೇನು ಎಂದು. ಕೊನೆಗೆ ಅವ್ವ ಅಂದಳು, “ಇಷ್ಟು ವರ್ಷ ಪಂಚೆ, ಬೀಡಿ ಇಟ್ಟೀವಲ್ಲ. ಆಯಮ್ಮ ಏನಂದ್ಕೊಂಡ್ಲೋ.” ಚಿಕ್ಕಪ್ಪನಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಅವರು ಆ ಮಾತೆತ್ತಲಿಲ್ಲ. ಹಬ್ಬದ ದಿನ ನೋಡಿದರೆ ಮೊದಲ ಎಡೆಯ ಮೇಲೆ ಪಂಚೆ ಇಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಚಿಕ್ಕಪ್ಪನೇ ತಂದ ರೇಷ್ಮೆ ಸೀರೆ ಇತ್ತು, ಹಸಿರು ಒಡಲು, ಕೆಂಪು ಅಂಚು. ಬೀಡಿ ಕಟ್ಟೂ ಪಕ್ಕದಲ್ಲಿತ್ತು. ನಾನು ಅದರ ಕಡೆ ನೋಡಿದ್ದಕ್ಕೆ, “ಇರ್ಲಿ ಬಿಡು, ಇಷ್ಟೊತ್ತಿಗೆ ಅಭ್ಯಾಸ ಆಗಿರ್ತೈತೆ” ಅಂದರು.

ಪೂಜೆ ಮುಗಿಯಿತು. ಎಂದಿನಂತೆ ಬಟ್ಟೆಗೆ ಕೈ ಹಾಕಿದ ಚಿಕ್ಕಪ್ಪ ಸೀರೆ ಹಿಡಿದುಕೊಂಡು ನಿಂತುಬಿಟ್ಟರು. ಯಾರಾದರೂ ಅದನ್ನು ಉಡಬೇಕು, ಉಟ್ಟ ಮೇಲೆಯೇ ಊಟ. ಸೀರೆ ತರುವಾಗ ಅವರು ಇಷ್ಟು ದೂರ ಯೋಚಿಸಿರಲಿಲ್ಲ. ಚಿಕ್ಕಮ್ಮನ ಕಡೆ ನೋಡಿದರು. “ನಾನೇನು ಹಿರಿಯಳಾ?” ಎಂದು ಆಕೆ ಹಿತ್ತಲ ಬಾಗಿಲ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು.

ಚಿಕ್ಕಪ್ಪ ಹಿತ್ತಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಅವ್ವ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು.

“ಅತ್ತಿಗೆ, ಕೈ ತೊಳ್ಕಳ್ರಿ. ಇದನ್ನ ಉಟ್ಕೊಂಡು ಬರ್ರಿ, ಎಲ್ರೂ ಹಸ್ಕೊಂಡವ್ರೆ.”

“ನಾನು ಹೆಂಗೆ ಉಡ್ಲಪ್ಪ? ನಿಮ್ಮಣ್ಣ ಇಲ್ವಲ್ಲ.”

ಚಿಕ್ಕಪ್ಪ ಸೀರೆಯನ್ನು ಅವಳ ಮುಂದೆ ಚಾಚಿದರು. “ಆಯಮ್ಮನಿಗೂ ಇರ್ಲಿಲ್ಲ” ಅಂದರು.

ಅವ್ವ ಹಸಿರು ಸೀರೆ ಉಟ್ಟು ಒಳಗೆ ಬಂದಳು. ಎಡೆಯ ಮುಂದೆ ಕೂತು ನನ್ನ ಕಡೆ ತಿರುಗಿ ಆ ಹೆಸರು ಇನ್ನೊಂದು ಸಲ ಕೇಳಿಕೊಂಡಳು. ಅದನ್ನು ಗಟ್ಟಿಯಾಗಿ ಹೇಳಿ, ಮೊದಲ ತುತ್ತು ತಿಂದಳು.