ತಮ್ಮನ ಬದಲಿಗೆ ಅಣ್ಣನ ತೋಳು

ಅರಕೆರೆಯ ಆ ಜಗುಲಿಯ ಮೇಲೆ ನಾನು ಏನು ಹೇಳಿದೆನೆಂಬುದು ನನಗೀಗ ಖಾತ್ರಿಯಿಲ್ಲ. ಹೇಳಿದ ನೆನಪಂತೂ ಇದೆ. ಆದರೆ ಜನರ ನೆನಪನ್ನು ನಂಬಬೇಡಿ ಎಂದು ಜೀವಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ವೃತ್ತಿಜೀವನವಿಡೀ ಬೋಧಿಸಿದವನು ಸ್ವಂತ ನೆನಪಿಗೆ ಮಾತ್ರ ವಿನಾಯಿತಿ ಕೊಡುವುದು ಹೇಗೆ, ನೀವೇ ಹೇಳಿ.

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನಾವು ರಕ್ತದೊತ್ತಡದ ಸಮೀಕ್ಷೆ ನಡೆಸುತ್ತಿದ್ದ ಕಾಲವದು. ಚೀಟಿ ಎತ್ತಿದಂತೆ ಆರಿಸಿದ ಹೆಸರುಗಳ ಪಟ್ಟಿಯೇ ನಮ್ಮ ಮಾದರಿ. ಒಬ್ಬರ ಬದಲಿಗೆ ಇನ್ನೊಬ್ಬರನ್ನು ಅಳೆಯುವಂತಿಲ್ಲ. ಅರಕೆರೆಯಲ್ಲಿ ಸಿದ್ದೇಗೌಡರ ಹೆಸರು ಕೂಗಿದಾಗ ಒಬ್ಬರು ಬಂದು ತೋಳು ಚಾಚಿದರು. ಯಂತ್ರ ತೋರಿಸಿದ ಅಂಕಿ ಗಾಬರಿಯಾಗುವಷ್ಟು ಹೆಚ್ಚಿತ್ತು. ಬರೆದುಕೊಂಡೆ. ಅಷ್ಟರಲ್ಲಿ ಸಿದ್ದೇಗೌಡರ ಹೆಂಡತಿ ಜಯಮ್ಮ ಒಳಗಿನಿಂದ ಬಂದು ಯಂತ್ರವನ್ನು ಇಣುಕಿ ನೋಡಿದರು.

“ಅಯ್ಯೋ ಸಾ, ಇವ್ರು ನಮ್ ಭಾವ! ನಮ್ಮನೆಯೋರು ಗದ್ದೆಗೆ ನೀರ್ ತಿರುಗ್ಸಕ್ಕೋಗವ್ರೆ.”

“ಸುಮ್ಕಿರವ್ವ,” ಎಂದರು ಅಣ್ಣ ನಿಂಗೇಗೌಡರು. “ಡೇರೀಲಿ ಅವ್ನೆಸ್ರಿಗೆ ದಿನಾ ನಾನೇ ಹಾಲಾಕ್ತೀನಿ, ಯಾರೂ ಕೇಳಾಕಿಲ್ಲ. ನಿಮ್ದೇನ್ ಸಾ ಅದ್ಕಿಂತ ದೊಡ್ ಲೆಕ್ಕ?”

ದೊಡ್ಡದೇ ಎಂಬ ಗರ್ವದಲ್ಲಿ ಆ ಅಂಕಿಗೆ ಅಡ್ಡಗೀಟು ಎಳೆದೆ. ತಮ್ಮ ಬಂದ ಮೇಲೆ ಬೇರೆ ನಮೂನೆ ತುಂಬಿಸಿದೆ; ಅವರ ಒತ್ತಡ ಸರಿಯಾಗಿತ್ತು. ಜೀಪು ಪಾಂಡವಪುರ ದಾಟುವಾಗಲೂ ಮಾದರಿಯ ಪಾವಿತ್ರ್ಯ ಕಾಪಾಡಿದ ಹೆಮ್ಮೆ ನನ್ನ ಮುಖದಲ್ಲಿ ಇದ್ದಿರಬೇಕು.

ಮುಂದೆ ಈ ಪ್ರಸಂಗ ನನ್ನ ಪಾಠದ ಖಾಯಂ ಹಾಸ್ಯವಾಯಿತು. ಕಳೆದ ತಿಂಗಳು ಒಬ್ಬ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. “ಸರ್, ಆ ಅಣ್ಣನಿಗೆ ಏನಾಯ್ತು?” ಆಸ್ಪತ್ರೆಗೆ ಹೋಗಲು ಹೇಳಿದ್ದೆ ಎಂದೆ, ಅವರ ಕೈ ಹಿಡಿದುಕೊಂಡು ಹೇಳಿದ್ದೆ ಎಂದೂ ಸೇರಿಸಿದೆ. ಕೈ ಹಿಡಿದದ್ದು ನನಗೂ ಹೊಸ ಸುದ್ದಿ. ಆಗ ಭಯವಾಯಿತು.

ಭಾನುವಾರ ಅರಕೆರೆಯ ಬಸ್ಸು ಹತ್ತಿದೆ. ಹಾಲಿನ ಕ್ಯಾನು ಹಿಡಿದು ನಿಂಗೇಗೌಡರೇ ಎದುರಾದರು.

“ಇನ್ನೂ ಬದ್ಕಿವ್ನಿ ಸಾ, ಗೀಟ್ ಎಳೀಬ್ಯಾಡಿ!”

ಮನೆಯಲ್ಲಿ ಜಯಮ್ಮನನ್ನು ಕೇಳಿದೆ: ಅಂದು ನಾನೇ ಅಲ್ಲವೆ ಆಸ್ಪತ್ರೆಗೆ ಹೋಗಿ ಎಂದದ್ದು?

“ನೀವೆಲ್ಲೇಳಿದ್ರಿ? ಗೀಟ್ ಎಳ್ದು ಒಂಟೋದ್ರಿ. ನಮ್ಮಪ್ಪಂಗೂ ಬೀಪಿ ಇತ್ತು, ಆ ನಂಬ್ರ ನಂಗೊತ್ತಾಗ್ತದೆ. ಭಾವನ್ ಎಂಡ್ತಿ, ನಮ್ಮಕ್ಕಂಗೇಳಿ ಮಾರ್ನೆ ದಿನ್ವೇ ಭಾವನ್ನ ಆಸ್ಪತ್ರೆಗೆ ಕಳ್ಸ್ದೆ. ಅವತ್ನಿಂದ ಮಾತ್ರೆ ತಗೊತಾವ್ರೆ.”

ಅವರದೂ ನೆನಪೇ ಅಲ್ಲವೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸೋಮವಾರ ಹಳೆಯ ಕಡತದಿಂದ ಆ ರದ್ದಾದ ನಮೂನೆಯನ್ನು ಹುಡುಕಿ ತೆಗೆದೆ. “ಸಲಹೆ ನೀಡಲಾಗಿದೆಯೇ?” ಎಂಬ ಪ್ರಶ್ನೆಯ ಮುಂದಿನ ಜಾಗ ಖಾಲಿಯಿತ್ತು.