ಅಮ್ಮನ ಒರಳಿನ ಮೇಲೆ ಊರವರ ಬಾಯಿ

ಇವತ್ತು ಅಮ್ಮನಿಗೆ ಹಲ್ಲಿನ ಸೆಟ್ಟು ಮಾಡಿಸಲು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಒಸಡಿನ ಅಚ್ಚಿಗೆ ಸುರಿಯಲು, ಗಾರೆಯಂತೆ ಗಟ್ಟಿಯಾಗುವ ಕಲ್ಲುಪುಡಿ ಕಲಸುವ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಹಿತ್ತಲು ನೆನಪಾಯಿತು.

ಬಂಗಾರಪೇಟೆಯಲ್ಲಿ ಅಪ್ಪ ಮನೆಯಲ್ಲೇ ಹಲ್ಲಿನ ಸೆಟ್ಟು ಕಟ್ಟುತ್ತಿದ್ದ. ಮಾರಿಕುಪ್ಪಂ ರೈಲಿನಲ್ಲಿ ಬೊಚ್ಚುಬಾಯಿಯ ಗಣಿ ಕೆಲಸದವರು ಬರುತ್ತಿದ್ದರು. ಬಿಸಿನೀರಲ್ಲಿ ಮೆತ್ತಗಾದ ಮೇಣವನ್ನು ಅವರ ಒಸಡಿಗೆ ಒತ್ತಿ ತೆಗೆದರೆ ಎಂಜಲು ನೂಲಿನಂತೆ ಜೋಲುತ್ತಿತ್ತು. ಸಂದಿಯಲ್ಲಿ ಎಲೆಅಡಿಕೆಯ ಚೂರು. ಅಪ್ಪ ಆ ಅಚ್ಚನ್ನು ನೀರಲ್ಲಿ ಒಮ್ಮೆ ಅದ್ದಿ, ಕಲಸಿದ ಕಲ್ಲುಪುಡಿ ಸುರಿದು, ಗುಳ್ಳೆ ಒಡೆಯಲೆಂದು ಹಿತ್ತಲಿನ ಒರಳುಕಲ್ಲಿಗೆ ಟಕಟಕ ಕುಟ್ಟುತ್ತಿದ್ದ. ಎಂಜಲು ಬೆರೆತ ಆ ನೀರು ಒರಳಿನ ಗುಂಡಿಯೊಳಗೆಲ್ಲ ಸಿಡಿಯುತ್ತಿತ್ತು. ಪಂಚೆಯ ತುದಿಯಿಂದ ಒರೆಸಿ, "ನಿಮ್ಮಮ್ಮಂಗೆ ಏಳ್ಬ್ಯಾಡ ಕಣೇ" ಎನ್ನುತ್ತಿದ್ದ.

ಮರುದಿನ ಅಮ್ಮ ಅದೇ ಒರಳಲ್ಲಿ ಕಡಲೆಕಾಯಿ ಚಟ್ನಿ ರುಬ್ಬುತ್ತಿದ್ದಳು. ಅಪ್ಪನ ಕಣ್ಣಿಗೆ ಹೆದರಿ ನಾನು ಉಸಿರು ಬಿಗಿಹಿಡಿದು ನುಂಗುತ್ತಿದ್ದೆ. ಆ ಮನುಷ್ಯ ಮಾತ್ರ ಬೆರಳು ನೆಕ್ಕುತ್ತಿದ್ದ! ಅಮ್ಮ ಎದೆಯುರಿ ಅಂತ ಚಟ್ನಿ ಬಿಟ್ಟು, ಬರೀ ಮಜ್ಜಿಗೆಯಲ್ಲಿ ಊಟ ಮುಗಿಸುತ್ತಿದ್ದಳು.

ಇವತ್ತು ಡಾಕ್ಟರು ಅಮ್ಮನ ಅಚ್ಚನ್ನು, ಗುಳ್ಳೆ ಒಡೆಯಲೆಂದು, ಗಡಗಡ ನಡುಗುವ ಮೆಷಿನ್ನಿನ ಮೇಲಿಟ್ಟರು. ಅಮ್ಮ ಅದನ್ನೇ ನೋಡುತ್ತಾ, "ನಿಮ್ಮಪ್ಪ ಇದ್ನೇ ನನ್ನ ಒರಳಿಗೆ ಕುಟ್ಟೋನು" ಅಂದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನೀವಿಬ್ರೂ ಚೆನ್ನಾಗಿ ತಿಂತಿದ್ರಿ, ಸುಮ್ಕಿದ್ದೆ. ನಂಗ್ಯಾವ ಎದೆಯುರಿ ಕಣೇ!"